ಕೈ ಚಾಚಿದವರನ್ನು ಮೊದಲು ಕೇಳಿ

"ಬೇಡುವವರಿಗೆ ದುಡ್ಡು ಕೊಡಬೇಕಾ, ಬೇಡವಾ?" ನಾನು ಏನು ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ನಾನು ನರ್ಸ್. 11 ವರ್ಷಗಳಿಂದ ವಾರಕ್ಕೆ 2 ರಾತ್ರಿ, ಬೀದಿಯಲ್ಲಿ ಮಲಗುವವರ ಕಾಲಿನ ಗಾಯ ತೊಳೆದು ಪಟ್ಟಿ ಕಟ್ಟುವ ಒಂದು ಸಣ್ಣ ತಂಡದ ಜೊತೆ ತಿರುಗುತ್ತೇನೆ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ, ಮುಂದೆ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಕಲಿಯಬೇಕಾದ್ದು ಬೇರೆ ಇದೆ.

ಅದು ಇಲ್ಲ ಅನ್ನುವುದನ್ನು ಕಲಿಯುವುದು. ಕೊಡುವುದಕ್ಕಿಂತ ಇದೇ ಕಷ್ಟ. ಹತ್ತು ಜನ ಕೈ ಚಾಚಿದರೆ ಒಂಬತ್ತು ಜನಕ್ಕೆ ನಾವು ಏನೂ ಕೊಡುವುದಿಲ್ಲ. ಆ ಒಂಬತ್ತು ಜನರ ಎದುರು ಏನು ಮಾಡುತ್ತೇವೆ? ರಿಂಗ್ ಆಗದ ಮೊಬೈಲನ್ನು ಕಿವಿಗೆ ಹಿಡಿಯುತ್ತೇವೆ. ಜೇಬು ತಟ್ಟಿ ಚಿಲ್ಲರೆ ಇಲ್ಲ ಅನ್ನುತ್ತೇವೆ. ಮುಖ ನೋಡದೆ "ಮುಂದೆ ಹೋಗು" ಅಂತ ಕೈ ಬೀಸುತ್ತೇವೆ. ಇಲ್ಲವೇ ಎದುರಿಗೆ ಯಾರೂ ಇಲ್ಲವೇನೋ ಅನ್ನುವ ಹಾಗೆ ದಾಟಿಹೋಗುತ್ತೇವೆ.

ಒಂದು ರಾತ್ರಿ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸೊಬ್ಬರ ಹಿಮ್ಮಡಿಗೆ ಪಟ್ಟಿ ಕಟ್ಟುತ್ತಿದ್ದೆ. ಐವತ್ತರ ಆಸುಪಾಸಿನವರು. ಅವತ್ತು ಎಷ್ಟು ಸಿಕ್ಕಿತು ಅಂತ ನಾನು ಕೇಳಿರಲಿಲ್ಲ, ಅವರೇ ಮಾತು ತೆಗೆದರು. "ಇಲ್ಲ ಅಂದ್ರೆ ನಂಗೇನೂ ಬೇಜಾರಿಲ್ಲ ಸಿಸ್ಟರ್. ಇಲ್ಲ ಅನ್ನೋದೂ ಒಂದು ಮಾತೇ ತಾನೇ. ಬೆಳಗ್ಗಿಂದ ಒಬ್ಬರೂ ಏನೂ ಅನ್ನದೇ ಹೋದ ದಿನ ಇರುತ್ತಲ್ಲ, ಆವಾಗ ಸಾಯಂಕಾಲ ಒಂದ್ಸಲ ಕೆಮ್ಮಿ ನೋಡ್ಕೋತೀನಿ, ದನಿ ಇನ್ನೂ ಇದೆಯಾ ಅಂತ." ಇಷ್ಟು ಹೇಳಿ ಕಾಲು ಎಳೆದುಕೊಂಡು, ಪಟ್ಟಿ ಬಿಗಿಯಾಯಿತು, ಸ್ವಲ್ಪ ಸಡಿಲ ಮಾಡಿ ಅಂದರು.

ಹಾಗಾಗಿ ಇಲ್ಲ ಅನ್ನುವುದು ಹೀಗೆ: ನಡಿಗೆ ನಿಧಾನ ಮಾಡಿ, ಮುಖ ನೋಡಿ, "ನಮಸ್ಕಾರ, ಇವತ್ತು ಆಗಲ್ಲ" ಅನ್ನಿ. ಅಷ್ಟೇ ಸಾಕು. ಕಾರಣ ಕೊಡಬೇಡಿ, ಸುಳ್ಳು ಕಾರಣವನ್ನಂತೂ ಬೇಡವೇ ಬೇಡ. "ಗಟ್ಟಿಮುಟ್ಟಾಗಿದ್ದೀಯ, ದುಡಿದು ತಿನ್ನು" ಅನ್ನುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ಅವರ ಮೈಯೊಳಗಿನ ಕಾಯಿಲೆ ನಮಗೆ ಕಾಣುವುದಿಲ್ಲ, ಸ್ನಾನಕ್ಕೆ ಜಾಗವಿಲ್ಲದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವವರು ಯಾರು ಅನ್ನುವುದೂ ನಮಗೆ ಗೊತ್ತಿಲ್ಲ. ಮುಖ್ಯವಾಗಿ, ಬರುವ ಖಾತ್ರಿ ಇಲ್ಲದಿದ್ದರೆ "ನಾಳೆ ಕೊಡ್ತೀನಿ" ಅನ್ನಬೇಡಿ. ಅಂಥ ಒಂದು "ನಾಳೆ"ಯನ್ನು ನಂಬಿ ಕತ್ತಲಾಗುವ ತನಕ ಒಂದೇ ಜಾಗದಲ್ಲಿ ಕಾದು, ಆಶ್ರಯತಾಣದ ಸಾಲಿನಲ್ಲಿ ತನ್ನ ಸರದಿ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಎಷ್ಟು ಕೊಡಬೇಕು ಅನ್ನುವುದನ್ನು ಬೀದಿಯಲ್ಲಿ ತೀರ್ಮಾನ ಮಾಡಬೇಡಿ, ಮನೆಯಲ್ಲೇ ಮಾಡಿ. ತಿಂಗಳ ಶುರುವಿನಲ್ಲಿ ನಾನು ಒಂದು ಮೊತ್ತ ತೆಗೆದು ಚೀಲದ ಬೇರೆ ಜೇಬಿನಲ್ಲಿ ಇಡುತ್ತೇನೆ. ಆ ಜೇಬು ಖಾಲಿಯಾಗುವವರೆಗೆ ಕೇಳಿದವರಿಗೆ ಕೊಡುತ್ತೇನೆ, ಖಾಲಿಯಾದ ಮೇಲೆ ಇಲ್ಲ ಅನ್ನುತ್ತೇನೆ, ಮನಸ್ಸು ಚುಚ್ಚುವುದಿಲ್ಲ. ಅಲ್ಲೇ ನಿಂತು ತೀರ್ಮಾನಿಸಲು ಹೋದರೆ ತೀರ್ಮಾನ ಮಾಡುವುದು ನಮ್ಮ ಬುದ್ಧಿಯಲ್ಲ. ವಾಸನೆ, ಭಯ, ಪಕ್ಕದಲ್ಲಿರುವವರ ನೋಟ, ಅವತ್ತಿನ ನಮ್ಮ ಮೂಡು, ಇವೇ ಮಾಡುತ್ತವೆ. ಆಗ ಯಾರು ಹೆಚ್ಚು ಗೋಳಾಡುತ್ತಾರೋ ಅವರಿಗೆ ಕೊಡುತ್ತೇವೆ. ಸುಮ್ಮನೆ ಕೂತವರಿಗೆ ಏನೂ ಸಿಗುವುದಿಲ್ಲ. ಆಮೇಲೆ ನಾವೇ, ಎಲ್ಲ ನಾಟಕ ಅಂತ ದೂರುತ್ತೇವೆ. ಆ ನಾಟಕಕ್ಕೆ ಬೆಲೆ ಕಟ್ಟಿದವರು ನಾವೇ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲಸಾನಾ ಹ್ಯಾರಿಸ್ ಮತ್ತು ಸೂಸನ್ ಫಿಸ್ಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ಗುಂಪಿನ ಜನರ ಫೋಟೋಗಳನ್ನು ತೋರಿಸುತ್ತಾ, ನೋಡುವವರ ಮೆದುಳನ್ನು ಸ್ಕ್ಯಾನ್ ಮಾಡಿದರು. ಇನ್ನೊಬ್ಬ ಮನುಷ್ಯನ ಮನಸ್ಸಿನಲ್ಲಿ ಏನಿದೆ ಅಂತ ಯೋಚಿಸುವಾಗ ನಮ್ಮ ಹಣೆಯ ಹಿಂದಿನ ಮೆದುಳಿನ ಒಂದು ಭಾಗ ಚುರುಕಾಗುತ್ತದೆ. ಮನೆಯಿಲ್ಲದವರ ಮತ್ತು ಮಾದಕವಸ್ತು ಚಟದವರ ಫೋಟೋ ಬಂದಾಗ ಮಾತ್ರ ಆ ಭಾಗ ಎದ್ದು ಕಾಣುವಷ್ಟು ಚುರುಕಾಗಲಿಲ್ಲ. ಬದಲಿಗೆ ಅಸಹ್ಯಕ್ಕೆ, ಭಯಕ್ಕೆ ಸಂಬಂಧಿಸಿದ ಭಾಗಗಳು ಕೆಲಸ ಮಾಡಿದವು. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಆ ಮೆಟ್ಟಿಲ ಮೇಲಿನ ಹೆಂಗಸು ಹೇಳಿದ್ದು ಇದನ್ನೇ ಅಲ್ಲವಾ ಅನ್ನಿಸಿತು. ಆದರೆ ಮರುವರ್ಷ ಅದೇ ಇಬ್ಬರು ಇನ್ನೊಂದು ಪ್ರಯೋಗ ಮಾಡಿದರು. ಈ ಸಲ ಫೋಟೋ ನೋಡುವವರಿಗೆ ಒಂದು ಸಣ್ಣ ಪ್ರಶ್ನೆ ಕೊಟ್ಟರು: ಈ ವ್ಯಕ್ತಿಗೆ ಇಂಥ ತರಕಾರಿ ಇಷ್ಟ ಇರಬಹುದಾ? ಅಷ್ಟು ಕೇಳಿಕೊಂಡದ್ದಕ್ಕೇ ಮಂಕಾಗಿದ್ದ ಆ ಭಾಗ ಎಚ್ಚರಗೊಂಡಿತು.

ನಮ್ಮ ಭಾಷೆಯಲ್ಲಿ ಬೇಡುವುದಕ್ಕೂ, ಪ್ರಶ್ನೆ ಹಾಕುವುದಕ್ಕೂ, ಕಿವಿಗೊಡುವುದಕ್ಕೂ "ಕೇಳು" ಎಂಬ ಒಂದೇ ಮಾತಿದೆ. ಅವರು ನಮ್ಮನ್ನು ಕೇಳುತ್ತಾರೆ. ನಾವೂ ಅವರನ್ನು ಕೇಳಬೇಕು. ನಾನು ಬರೆಯುತ್ತಿರುವ ಎಲ್ಲ ಸಲಹೆಯ ಬೇರು ಅಲ್ಲೇ ಇದೆ. ಇದನ್ನು ನಾನು ಕಲಿತದ್ದು ಒಂದು ಕಂಬಳಿಯಿಂದ.

ತಂಡ ಸೇರಿದ ಮೊದಲ ವರ್ಷ. ಗೋಡೆಗೆ ಒರಗಿ ಮಲಗುತ್ತಿದ್ದ ಒಬ್ಬ ಯಜಮಾನರಿಗೆ ದಪ್ಪನೆಯ, ದೊಡ್ಡ ಕಂಬಳಿ ಕೊಂಡುಹೋಗಿ ಕೊಟ್ಟೆ. ಕೈಮುಗಿದು ತೆಗೆದುಕೊಂಡರು. ಮಾರನೆಯ ಬೆಳಗ್ಗೆ ಡ್ಯೂಟಿ ಮುಗಿಸಿ ಅದೇ ದಾರಿಯಲ್ಲಿ ಬಂದರೆ, ಕಂಬಳಿ ನಾಲ್ಕು ಮಡಿಕೆ ಮಾಡಿ ಗೋಡೆಯ ಬುಡದಲ್ಲಿ ಇಟ್ಟಿದೆ, ಅವರಿಲ್ಲ. ನನಗೆ ಸಿಟ್ಟು ಬಂತು. ಇಂಥವರಿಗೆ ಎಷ್ಟು ಮಾಡಿದರೂ ಇಷ್ಟೇ ಅಂತ ಮನಸ್ಸಿನಲ್ಲಿ ಅಂದುಕೊಂಡೂ ಬಿಟ್ಟೆ. ಮುಂದಿನ ವಾರ ಸಿಕ್ಕಾಗ ಕೇಳಿದೆ. ಅವರು ತಮ್ಮ ಎಡ ಭುಜ ತೋರಿಸಿದರು. ಕಾಲರ್ ಎಲುಬು ಮುರಿದು ಅಡ್ಡಾದಿಡ್ಡಿ ಕೂಡಿಕೊಂಡಿತ್ತು, ಚರ್ಮದಡಿ ಗಂಟು ಕೈಗೆ ಸಿಗುತ್ತಿತ್ತು. "ಬೆಳಗಾದ್ರೆ ಇಲ್ಲಿಂದ ಎಬ್ಬಿಸ್ತಾರೆ. ಇಡೀ ದಿನ ಅದನ್ನ ಹೊತ್ಕೊಂಡು ತಿರುಗೋಕೆ ಆಗಲ್ಲಮ್ಮ. ಬೇರೆಯವರಿಗಾದ್ರೂ ಆಗಲಿ ಅಂತ ಮಡಿಸಿಟ್ಟೆ." ಅವರಿಗೆ ಬೇಕಾಗಿದ್ದದ್ದು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಪ್ಲಾಸ್ಟಿಕ್ ಹಾಳೆ. ಮಲಗುವಾಗ ನೆಲದ ತಂಪು ತಡೆದರೆ ಅವರಿಗೆ ಸಾಕಿತ್ತು. ಕೊಡುವ ಮೊದಲು ನಾನು ಒಂದು ಮಾತು ಕೇಳಿದ್ದರೆ ಆ ರಾತ್ರಿಯೇ ಹೇಳಿಬಿಡುತ್ತಿದ್ದರು.

ಅಂದಿನಿಂದ ನಾನು ಯಾವುದನ್ನೂ ಕೇಳದೆ ಕೊಡುವುದಿಲ್ಲ. ಕೇಳುವ ಕ್ರಮವೂ ಇದೆ. ನಿಂತುಕೊಂಡು ಮೇಲಿಂದ ಕೇಳಬೇಡಿ, ಬಗ್ಗಿ ಅಥವಾ ಕೂತು, ಒಂದು ಕೈಯಳತೆ ದೂರದಲ್ಲಿ, ಅವರ ಕಣ್ಣಿನ ಮಟ್ಟಕ್ಕೆ ಬನ್ನಿ. ಅವರ ಗಂಟುಮೂಟೆ, ಹಾಸಿದ ರಟ್ಟು, ಪಕ್ಕದ ನಾಯಿ, ಯಾವುದನ್ನೂ ಮುಟ್ಟಬೇಡಿ, ಅದು ಅವರ ಮನೆ. "ಏನು ಬೇಕು?" ಅಂದರೆ ಹೆಚ್ಚಿನವರು "ಏನಾದ್ರೂ" ಅಂತಲೇ ಹೇಳುತ್ತಾರೆ. ಬೇಕಾದ್ದನ್ನು ಕೇಳಿ ಬೈಸಿಕೊಂಡ ಅನುಭವ ಅವರಿಗೆ ಇರುತ್ತದೆ. ಅದಕ್ಕೆ ಎರಡು ಆಯ್ಕೆ ಇಡಿ: "ಈ ಬೂದು ಬಣ್ಣದ ಸಾಕ್ಸ್ ಇಷ್ಟವೋ, ಕಪ್ಪೋ?" ತುಂಬ ದಿನಗಳಿಂದ ಯಾರೂ ನಿಮ್ಮ ಇಷ್ಟ ಕೇಳಿಲ್ಲದಿದ್ದರೆ ಅಂಥ ಪ್ರಶ್ನೆಗೆ ಉತ್ತರಿಸಲು ಸಮಯ ಬೇಕಾಗುತ್ತದೆ. ಕಾಯಿರಿ. ಒಬ್ಬ ಹುಡುಗ ಎರಡೂ ಜೊತೆಯನ್ನು ಬೆಳಕಿಗೆ ಹಿಡಿದು, ಹೊಲಿಗೆ ನೋಡಿ, ಹಿಂದೆ ಮುಂದೆ ತಿರುಗಿಸಿ, ಕೊನೆಗೆ ಬೂದು ಆರಿಸಿಕೊಂಡ. ಆಯ್ಕೆಗೆ ಅವನು ತೆಗೆದುಕೊಂಡಷ್ಟು ಹೊತ್ತು ನಾನು ಅವನ ಗಾಯ ತೊಳೆಯಲು ತೆಗೆದುಕೊಂಡಿರಲಿಲ್ಲ.

ಸಾಕ್ಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ನನ್ನ ಕೆಲಸ ಅದು. ಒದ್ದೆ ಕಾಲು ಗಂಟೆಗಟ್ಟಲೆ, ದಿನಗಟ್ಟಲೆ ಶೂ ಒಳಗೇ ಇದ್ದರೆ ಚರ್ಮ ಬೆಳ್ಳಗಾಗಿ, ನೆನೆದ ಕಾಗದದ ಹಾಗೆ ಸುಕ್ಕುಗಟ್ಟಿ, ಮರಗಟ್ಟುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳ ಕೆಸರಿನಲ್ಲಿ ನಿಂತ ಸೈನಿಕರಿಗೆ ಬಂದ ಕಾಯಿಲೆಯೇ ಇದು. ಟ್ರೆಂಚ್ ಫುಟ್ ಎಂಬ ಹೆಸರು ಬಂದದ್ದೂ ಹಾಗೆ. ಹಿಮವೇ ಬೀಳಬೇಕೆಂದಿಲ್ಲ, 15 ಡಿಗ್ರಿ ಸೆಲ್ಸಿಯಸ್ ಸುಮಾರಿನ ಹವೆಯಲ್ಲೂ ಬರುತ್ತದೆ. ಮಲಗಿದಾಗ ಶೂ ಕದ್ದುಹೋಗುವ ಭಯದಿಂದ ಬಹಳ ಜನ ಅದನ್ನು ಬಿಚ್ಚುವುದೇ ಇಲ್ಲ. ನಾನು ಸಾಕ್ಸ್ ಬಿಚ್ಚುವಾಗ ಎಳೆಯುವುದಿಲ್ಲ. ಉಗುರು ಬೆಚ್ಚಗಿನ ಸಲೈನ್ ಹನಿಸುತ್ತಾ, ಅಂಚಿನಿಂದ ಸುರುಳಿ ಸುತ್ತುತ್ತಾ ಬರಬೇಕು, ಇಲ್ಲದಿದ್ದರೆ ಚರ್ಮವೂ ಜೊತೆಗೆ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ಅದು ಗೊತ್ತೂ ಆಗುವುದಿಲ್ಲ, ಪಾದಕ್ಕೆ ಸ್ಪರ್ಶವೇ ಇರುವುದಿಲ್ಲ. ಹೊಸ, ಒಣಗಿದ, ಬಿಗಿ ರಬ್ಬರ್ ಇಲ್ಲದ ಒಂದು ಜೊತೆ ಸಾಕ್ಸ್ ಚೀಲದಲ್ಲಿದ್ದರೆ ನೀವು ಒಂದು ಕಾಲನ್ನು ಉಳಿಸಬಹುದು. ಈ ಮಾತನ್ನು ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹೆಂಗಸರಿಗೆ ಸ್ಯಾನಿಟರಿ ಪ್ಯಾಡ್, ಅವರು ಬಾಯಿಬಿಟ್ಟು ಕೇಳುವುದಿಲ್ಲ, ನೀವೇ ಮೆಲ್ಲಗೆ ಕೇಳಿ. ಊಟ ಕೊಡುವುದಾದರೆ ಮೆತ್ತಗಿರಲಿ. ಬೀದಿಯಲ್ಲಿ ವರ್ಷ ಕಳೆದವರಲ್ಲಿ ಬಹಳ ಮಂದಿಗೆ ಹಲ್ಲು ನೆಟ್ಟಗಿರುವುದಿಲ್ಲ. ಅರ್ಧ ತಿಂದು ಬಿಟ್ಟದ್ದನ್ನು ಕೊಡಬೇಡಿ. ಮೊಬೈಲ್ ಇದ್ದವರಿಗೆ ಒಂದಿಷ್ಟು ಹೊತ್ತು ಚಾರ್ಜ್ ಮಾಡಿಕೊಡುವುದು ದೊಡ್ಡ ಉಪಕಾರ, ಯಾಕೆಂದರೆ ಕೆಲಸದ ಕರೆಯೂ, ಆಸ್ಪತ್ರೆಯ ಕರೆಯೂ, ಮನೆಯವರ ಕರೆಯೂ ಅದಕ್ಕೇ ಬರಬೇಕು.

ಇನ್ನು ಆ ಮೊದಲ ಪ್ರಶ್ನೆ. ದುಡ್ಡು ಕೊಡಬೇಕಾ? ನಾನು ಕೊಡುತ್ತೇನೆ. ಕೊಟ್ಟ ಮೇಲೆ ಅದು ಅವರದು, ಲೆಕ್ಕ ಕೇಳುವುದಿಲ್ಲ. "ಕುಡಿಯೋಕೆ ಹೋಗುತ್ತೆ" ಅನ್ನುವವರಿಗೆ ಎರಡು ವಿಷಯ ಹೇಳುತ್ತೇನೆ. ಒಂದು, 2018ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಮನೆಯಿಲ್ಲದ 50 ಮಂದಿಗೆ ತಲಾ 7,500 ಕೆನಡಿಯನ್ ಡಾಲರ್ ಒಮ್ಮೆಗೇ, ಯಾವ ಷರತ್ತೂ ಇಲ್ಲದೆ ಕೊಟ್ಟರು. ಹಣ ಸಿಗದ 65 ಮಂದಿಯ ಜೊತೆ ಅವರನ್ನು ಒಂದು ವರ್ಷ ಹೋಲಿಸಿ ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹಣ ಪಡೆದವರು ಬೀದಿಯಲ್ಲಿ, ಆಶ್ರಯತಾಣದಲ್ಲಿ ಕಳೆದ ದಿನ ಸರಾಸರಿ 99ರಷ್ಟು ಕಡಿಮೆಯಾಗಿತ್ತು. ಕುಡಿತ, ತಂಬಾಕು, ಮಾದಕವಸ್ತುವಿನ ಖರ್ಚು ಹೆಚ್ಚಲಿಲ್ಲ. ಹೆಚ್ಚುತ್ತದೆ ಎಂದೇ ಹೊರಗಿನ ಜನ ಊಹಿಸಿದ್ದರು. ಒಂದು ಮಾತು ಬಿಡದೆ ಹೇಳಬೇಕು: ತೀವ್ರ ಚಟ ಅಥವಾ ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಆದ್ದರಿಂದ ಎಲ್ಲರ ವಿಷಯದಲ್ಲೂ ಹೀಗೇ ಅಂತ ನಾನು ಹೇಳಲಾರೆ.

ಎರಡನೆಯದು ನರ್ಸ್ ಆಗಿ ಹೇಳುವ ಮಾತು. ವರ್ಷಗಟ್ಟಲೆ ಕುಡಿದ ದೇಹಕ್ಕೆ ಒಮ್ಮೆಲೇ ಕುಡಿತ ನಿಂತರೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ಅದನ್ನು ಬಿಡಿಸಲು ಔಷಧಿ ಬೇಕು, ಹಾಸಿಗೆ ಬೇಕು, ವೈದ್ಯರು ಬೇಕು. ನಾವು ನಾಣ್ಯ ತಡೆಹಿಡಿದು ಯಾರ ಚಟವನ್ನೂ ಬಿಡಿಸುವುದಿಲ್ಲ. ಹಾಗಂತ ದುಡ್ಡು ಕೊಡಲು ಮನಸ್ಸು ಒಪ್ಪದಿದ್ದರೆ ಕೊಡಬೇಡಿ, ಅದರಲ್ಲಿ ತಪ್ಪೇನಿಲ್ಲ. ಬುದ್ಧಿವಾದವನ್ನು ಮಾತ್ರ ಜೊತೆಗೆ ಕೊಡಬೇಡಿ. ಫೋಟೋ ತೆಗೆಯಬೇಡಿ. ಒಂದು ಜೊತೆ ಸಾಕ್ಸ್‌ಗಾಗಿ ಯಾರೂ ತಮ್ಮ ಮುಖವನ್ನು ಊರಿಗೆಲ್ಲ ತೋರಿಸಬೇಕಾಗಿಲ್ಲ.

ಮಕ್ಕಳ ವಿಷಯ ಬೇರೆ. ಮಗುವಿನ ಕೈಗೆ ನಾನು ದುಡ್ಡು ಹಾಕುವುದಿಲ್ಲ. ಮಗುವಿನ ಕೈಯಿಂದ ಸಂಪಾದನೆ ಹೆಚ್ಚಾದಷ್ಟೂ ಅದನ್ನು ಶಾಲೆಗೆ ಕಳಿಸುವ ಕಾರಣ ಕಡಿಮೆಯಾಗುತ್ತದೆ. ಆದರೆ ಮಗುವನ್ನು ಗದರಿಸಿ ಓಡಿಸುವುದೂ ಇಲ್ಲ. ಜೊತೆಗೆ ದೊಡ್ಡವರು ಯಾರಿದ್ದಾರೆ ಅಂತ ಮಗುವನ್ನೇ ಕೇಳಿ ಅವರನ್ನು ಮಾತಾಡಿಸುತ್ತೇನೆ, ಊಟ ಬೇಕಿದ್ದರೆ ಅಲ್ಲೇ ಕೂತು ತಿನ್ನಲು ಕೊಡಿಸುತ್ತೇನೆ. ಏಟಿನ ಗುರುತು ಅಥವಾ ಅತಿಯಾದ ಹೆದರಿಕೆ ಕಂಡರೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡುತ್ತೇನೆ. ನಾವೇ ಮಗುವನ್ನು ಎಳೆದುಕೊಂಡು ಹೋಗಿ "ರಕ್ಷಿಸುವ" ಕೆಲಸ ಬೇಡ. ಬೀದಿಯಲ್ಲಿರುವ ಮಕ್ಕಳ ಬಗ್ಗೆ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಮಕ್ಕಳನ್ನು ಹಿಡಿದು ಸಾಗಿಸುವ ದಾರಿ ಬಿಟ್ಟು, ಅವರ ಮಾತಿಗೆ ಬೆಲೆ ಕೊಡಿ ಅನ್ನುತ್ತದೆ.

ಅಲುಗಾಡದೆ ಬಿದ್ದಿರುವವರನ್ನು ಕಂಡರೆ "ಕುಡಿದು ಬಿದ್ದಿದ್ದಾನೆ" ಅಂತ ದಾಟಿಹೋಗಬೇಡಿ. ಒಂದೇ ಒಂದು ನಿಮಿಷ ಕೊಡಿ. ಕಾಲಿನ ಕಡೆಯಿಂದ ಹೋಗಿ, ತಲೆಯ ಹತ್ತಿರ ಬಗ್ಗಿ ಕೂಗಬೇಡಿ, ನಿದ್ದೆಯಲ್ಲಿ ಒದೆತ ತಿಂದವರು ಬೆಚ್ಚಿ ಕೈ ಎತ್ತುತ್ತಾರೆ. "ಆರಾಮಾಗಿದ್ದೀರಾ?" ಅಂತ ಸ್ವಲ್ಪ ಗಟ್ಟಿಯಾಗಿ ಕೇಳಿ. ಎದೆ ಏರಿಳಿಯುತ್ತಿದೆಯಾ ನೋಡಿ. ಮಾಮೂಲಿ ನಿದ್ದೆಯಾದರೆ ಗೊಣಗಿ ಮಗ್ಗಲು ಬದಲಿಸುತ್ತಾರೆ, ಕ್ಷಮೆ ಕೇಳಿ ಹೊರಡಿ. ಉತ್ತರ ಇಲ್ಲದಿದ್ದರೆ, ತುಟಿ ನೀಲಿಯಾಗಿದ್ದರೆ, ಉಸಿರು ಬಹಳ ನಿಧಾನವಿದ್ದರೆ, ಗೊರಕೆಯ ಜೊತೆ ಗೊಳಗೊಳ ಸದ್ದಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ವಾಂತಿಯಾದರೂ ಗಂಟಲಿಗೆ ಹೋಗದ ಹಾಗೆ. ಬಾಯಿಗೆ ನೀರು ಹಾಕಬೇಡಿ. ರಕ್ತದಲ್ಲಿ ಸಕ್ಕರೆ ಇಳಿದಾಗಲೂ ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ, ಮೈ ಬೆವರುತ್ತದೆ, ನೋಡಿದವರಿಗೆ ಥೇಟ್ ಕುಡಿದ ಹಾಗೇ. ಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದಾಗಲೂ ಹಾಗೇ ಕಾಣಬಹುದು. ಕುಡಿದವರಿಗೆ ಚಳಿ ಇನ್ನೂ ಅಪಾಯ, ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆ ಅನ್ನಿಸುತ್ತದೆ, ಒಳಗಿನ ಬಿಸಿ ಮಾತ್ರ ಸೋರಿಹೋಗುತ್ತಿರುತ್ತದೆ.

ಯಾರಾದರೂ ಸಿಟ್ಟಿನಲ್ಲಿದ್ದರೆ, ಮೈಮೇಲೆ ಬಂದರೆ, ಹಿಂದೆ ಸರಿದು ಹೊರಡಿ. ನಿಮ್ಮ ಸುರಕ್ಷತೆಯೂ ಮುಖ್ಯ. ಒಬ್ಬರು ಹಾಗಿದ್ದರು ಅಂತ ಮುಂದಿನ ಹತ್ತು ಜನಕ್ಕೆ ಆ ಸಿಟ್ಟು ದಾಟಿಸಬೇಡಿ.

ಜೇಬಿನ ಚಿಲ್ಲರೆಯಿಂದ ಯಾರಿಗೂ ಮನೆಯಾಗುವುದಿಲ್ಲ ಅನ್ನುವುದು ನನಗೂ ಗೊತ್ತು. ಮನೆ ಆಗುವುದು ಮನೆ ಕೊಟ್ಟಾಗ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಯೋಜನೆ ಶುರುಮಾಡಿದರು. ಮೊದಲು ಚಟ ಬಿಡು, ಆಮೇಲೆ ಮನೆ ಅನ್ನುವ ಕ್ರಮವನ್ನೇ ತಿರುಗಿಸಿದರು. ಮೊದಲು ಬೀಗದ ಕೈ, ಆಮೇಲೆ ಉಳಿದದ್ದು. ಬೀದಿಯಲ್ಲಿದ್ದವರನ್ನೇ ನಿಮಗೇನು ಬೇಕು ಅಂತ ಕೇಳಿದ್ದರಿಂದ ಹುಟ್ಟಿದ ದಾರಿ ಅದು. ಫಿನ್ಲೆಂಡ್ 2008ರಿಂದ ಅದನ್ನೇ ದೇಶದ ನೀತಿಯಾಗಿ ಹಿಡಿದು, ಸಾಲು ಹಾಸಿಗೆಯ ಆಶ್ರಯತಾಣಗಳನ್ನು ಬಾಗಿಲು, ಬಾಡಿಗೆ ಕರಾರು ಇರುವ ಪುಟ್ಟ ಮನೆಗಳಾಗಿ ಮಾರ್ಪಡಿಸಿತು. 1987ರಲ್ಲಿ 18 ಸಾವಿರಕ್ಕಿಂತ ಹೆಚ್ಚು ಮಂದಿ ಮನೆಯಿಲ್ಲದವರಿದ್ದ ದೇಶದಲ್ಲಿ 2022ರ ಹೊತ್ತಿಗೆ ಆ ಸಂಖ್ಯೆ 4 ಸಾವಿರಕ್ಕಿಂತ ಕೆಳಗಿಳಿದಿತ್ತು. ನಿಮ್ಮ ದೊಡ್ಡ ದೇಣಿಗೆ, ನಿಮ್ಮ ಮತ, ನೀವು ಜನಪ್ರತಿನಿಧಿಗೆ ಬರೆಯುವ ಪತ್ರ ಇಂಥ ಕಡೆಗೆ ಹೋಗಲಿ. ಜೊತೆಗೆ, ಬೇಡುವುದನ್ನೇ ಅಪರಾಧ ಮಾಡುವ ಕಾನೂನು ಬಂದಾಗ ಸುಮ್ಮನಿರಬೇಡಿ. ಜಿನೀವಾದಲ್ಲಿ ಬೇಡುತ್ತಿದ್ದ, ಓದುಬರಹ ಬಾರದ ರೋಮಾ ಜನಾಂಗದ ಹೆಣ್ಣುಮಗಳೊಬ್ಬಳಿಗೆ 500 ಫ್ರಾಂಕ್ ದಂಡ ಹಾಕಿ, ಕಟ್ಟಲಾಗದ್ದಕ್ಕೆ 5 ದಿನ ಜೈಲಿನಲ್ಲಿಟ್ಟಿದ್ದರು. 2021ರ ಜನವರಿಯಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಅದು ತಪ್ಪೆಂದಿತು. ತನ್ನ ಕಷ್ಟವನ್ನು ಇನ್ನೊಬ್ಬರಿಗೆ ತಿಳಿಸಿ ಸಹಾಯ ಕೇಳುವ ಹಕ್ಕು ಮನುಷ್ಯರ ಘನತೆಯಲ್ಲೇ ಅಡಗಿದೆ ಅನ್ನುವುದು ಆ ತೀರ್ಪಿನ ತಿರುಳು.

ಕೊನೆಯದಾಗಿ, ನೀವು ದಿನಾ ಒಂದೇ ದಾರಿಯಲ್ಲಿ ಓಡಾಡುವವರಾದರೆ, ಅಲ್ಲಿ ದಿನಾ ಕೂರುವ ಒಬ್ಬರ ಹೆಸರು ಕೇಳಿ. ನಿಮ್ಮ ಹೆಸರನ್ನು ಮೊದಲು ಹೇಳಿ, ಆಮೇಲೆ ಅವರದನ್ನು ಕೇಳಿ. ಹೇಳದಿದ್ದರೆ ಒತ್ತಾಯ ಬೇಡ.

ಕಂಬಳಿ ಮಡಿಸಿಟ್ಟ ಆ ಯಜಮಾನರನ್ನು ನಾನು ಮೂರು ವರ್ಷ "ಅಪ್ಪಾಜಿ" ಅಂತಲೇ ಕರೆದೆ. ಒಂದು ವಾರ ಗೋಡೆಯ ಹತ್ತಿರ ಅವರು ಕಾಣಲಿಲ್ಲ. ಅಕ್ಕಪಕ್ಕ ಮಲಗುವವರನ್ನು ಕೇಳಿದೆ, ಆಶ್ರಯತಾಣಕ್ಕೆ ಹೋದೆ, ಆಸ್ಪತ್ರೆಗಳಿಗೆ ಫೋನ್ ಮಾಡಿದೆ. ಎಲ್ಲ ಕಡೆ ಮೊದಲು ಕೇಳಿದ್ದು "ಹೆಸರೇನು?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಡ ಭುಜದ ಎಲುಬು ಹೀಗೆ ಕೂಡಿಕೊಂಡಿದೆ, ಬಲಗಾಲಿನ ಕಿರುಬೆರಳಿಗೆ ಉಗುರಿಲ್ಲ, ಇಷ್ಟೇ ಹೇಳಬಲ್ಲವಳಾಗಿದ್ದೆ. ಒಂಬತ್ತನೆಯ ದಿನ ಆ ಭುಜದಿಂದಲೇ ಗುರುತು ಸಿಕ್ಕಿತು. ದಾಖಲೆಯಲ್ಲಿ ಅವರು "ಅಪರಿಚಿತ, ಗಂಡಸು, ವಯಸ್ಸು ಸುಮಾರು 60" ಆಗಿದ್ದರು. ತೀರಿಕೊಂಡು ಆರು ದಿನವಾಗಿತ್ತು.

ಈಗ ಪಟ್ಟಿ ಕಟ್ಟಿ ಮುಗಿಸಿದ ಮೇಲೆ, ಅವರು ಒಪ್ಪಿದರೆ, ನನ್ನ ಪುಸ್ತಕದಲ್ಲಿ ಎರಡು ಸಾಲು ಬರೆದುಕೊಳ್ಳುತ್ತೇನೆ: ಪೂರ್ತಿ ಹೆಸರು, ಏನಾದರೂ ಆದರೆ ಯಾರಿಗೆ ತಿಳಿಸಬೇಕು. ಬೂದು ಸಾಕ್ಸ್ ಆರಿಸಿಕೊಂಡ ಹುಡುಗ ಮೊದಲ ಸಾಲನ್ನು ತಕ್ಷಣ ಹೇಳಿದ. ಎರಡನೆಯದಕ್ಕೆ ತುಂಬ ಹೊತ್ತು ಸುಮ್ಮನಿದ್ದ. ನಾನು ಕಾದೆ. ಆಮೇಲೆ "ಅಕ್ಕ ಇದಾಳೆ, ನಂಬರ್ ನೆನಪಿಲ್ಲ, ಬೀದಿ ಗೊತ್ತು" ಅಂದ. ಬೀದಿಯ ಹೆಸರು ಬರೆದುಕೊಂಡೆ. ಕಾಗುಣಿತ ಸರಿ ಇದೆಯಾ ಅಂತ ಪುಸ್ತಕ ತಿರುಗಿಸಿ ತೋರಿಸಿದೆ. ಒಂದು ಅಕ್ಷರಕ್ಕೆ ದೀರ್ಘ ಬೇಕು ಅಂತ ಅವನೇ ಪೆನ್ನು ತೆಗೆದುಕೊಂಡು ತಿದ್ದಿದ.